ಉಪ್ಪು ನೀರಿನಲ್ಲಿ ಕರಗುತ್ತದೆ, ಮತ್ತೆ ಗಣಿಗೆ ಇಳಿಯುವುದು ಯಾಕೆ?

ಪ್ರಶ್ನೆ: ನೆಲದ ಆಳದಲ್ಲಿರುವ ಉಪ್ಪನ್ನು ಸುರಂಗ ಕೊರೆದು ತೆಗೆಯುತ್ತಾರೆ ಅಂತ ಓದಿದೆ. ಉಪ್ಪು ನೀರಿನಲ್ಲಿ ಕರಗುತ್ತದೆ ಅಲ್ವಾ? ನೀರು ಬಿಟ್ಟು ಕರಗಿಸಿ, ಪಂಪ್ ಹಾಕಿ ಮೇಲೆ ಎತ್ತಿದರೆ ಆಯಿತಲ್ಲ, ಜನ ಯಾಕೆ ಒಳಗೆ ಇಳಿಯಬೇಕು? ಯಂತ್ರಗಳು ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡುತ್ತಿದ್ದರು? ಉಪ್ಪನ್ನು ನೋಡಿ ಅದು ಹೇಗೆ ತೆಗೆದದ್ದು ಅಂತ ಹೇಳಬಹುದಾ?

ಉತ್ತರ: ನೀವು ಹೇಳಿದ ಹಾಗೆ ಮಾಡುವವರೂ ಇದ್ದಾರೆ, ಅದೂ ನೂರಾರು ವರ್ಷಗಳಿಂದ. ನೀರು ಬಿಟ್ಟು ಕರಗಿಸಿ ತೆಗೆಯುವುದು ಒಂದು ದಾರಿ. ಒಣಗಿದ್ದ ಹಾಗೇ ಕಡಿದು ತೆಗೆಯುವುದು ಇನ್ನೊಂದು. ಎರಡೂ ಇವತ್ತಿಗೂ ನಡೆಯುತ್ತಿವೆ. ಆದರೆ ಯಾವ ದಾರಿ ಹಿಡಿದರೂ ಉಪ್ಪಿನ ಗಣಿಯವರ ತಲೆಯಲ್ಲಿ ಸದಾ ಕೊರೆಯುವ ಪ್ರಶ್ನೆ ಒಂದೇ: ನೀರು ಎಲ್ಲಿದೆ?

ಕಬ್ಬಿಣದ ಗಣಿಯಲ್ಲೋ ಚಿನ್ನದ ಗಣಿಯಲ್ಲೋ ನೀರು ಬಂದರೆ ಪಂಪ್ ಹಾಕುತ್ತಾರೆ. ನೀರು ಹೋಗುತ್ತದೆ, ಗೋಡೆ ಇದ್ದ ಹಾಗೇ ಇರುತ್ತದೆ. ಉಪ್ಪಿನ ಗಣಿಯಲ್ಲಿ ನೀರು ಗೋಡೆಯನ್ನೇ ತಿನ್ನುತ್ತದೆ. ಒಂದು ಲೀಟರ್ ಸಿಹಿನೀರು ಸುಮಾರು 360 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಅಲ್ಲಿಗೆ ಅದರ ಹೊಟ್ಟೆ ತುಂಬುತ್ತದೆ. ಆಮೇಲೆ ಅದೇ ನೀರು ಉಪ್ಪಿನ ಪಕ್ಕದಲ್ಲಿ ವರ್ಷಗಟ್ಟಲೆ ನಿಂತರೂ ಏನೂ ಮಾಡುವುದಿಲ್ಲ. ಹಸಿದ ನೀರು ಬೇರೆ, ಹೊಟ್ಟೆ ತುಂಬಿದ ನೀರು ಬೇರೆ. ಹಳೆಯ ವಿಧಾನ, ಹೊಸ ವಿಧಾನ ಎಲ್ಲವೂ ಈ ಒಂದು ಮಾತಿನ ಮೇಲೆ ನಿಂತಿವೆ.

ಮೊದಲು ಉಪ್ಪು ಅಲ್ಲಿಗೆ ಹೇಗೆ ಬಂತು ಅಂತ ಎರಡು ಮಾತು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ಕೆಲವು ಭಾಗಗಳು ಹೊರಗಿನ ನೀರಿನ ಸಂಪರ್ಕ ಕಡಿದುಕೊಂಡು ಆವಿಯಾದವು. ಉಳಿದ ಉಪ್ಪಿನ ಮೇಲೆ ಜೇಡಿ, ಮರಳು, ಸುಣ್ಣಕಲ್ಲು ಕೂತವು. ಮೇಲೆ ನೀರು ತೂರದ ಪದರ ಇದ್ದ ಕಡೆ ಮಾತ್ರ ಆ ಉಪ್ಪು ಉಳಿಯಿತು. ಇಲ್ಲದ ಕಡೆ ಯಾವತ್ತೋ ಕರಗಿ ಹೋಯಿತು. ಕೆಲವು ಕಡೆ ಉಪ್ಪು ಚಾಪೆ ಹಾಸಿದ ಹಾಗೆ ಮಟ್ಟಸವಾಗಿದೆ. ಇನ್ನು ಕೆಲವು ಕಡೆ ಮೇಲಿನ ಕಲ್ಲಿನ ಭಾರಕ್ಕೆ ಹಿಂಡಿದಂತಾಗಿ, ಕಂಬದ ಹಾಗೆ ಮೇಲಕ್ಕೆ ಎದ್ದು ಗುಮ್ಮಟವಾಗಿ ನಿಂತಿದೆ. ಉಪ್ಪು ಅಕ್ಕಪಕ್ಕದ ಕಲ್ಲಿಗಿಂತ ಹಗುರ, ಮೇಲಾಗಿ ಒತ್ತಡ ಬಿದ್ದರೆ ಮೆಲ್ಲಗೆ ಹರಿಯುತ್ತದೆ. ಈ ಹರಿಯುವ ಗುಣ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹಳೆಯ ಕಾಲದ ಗಣಿಗಳಲ್ಲಿ ನಮಗೆ ಚೆನ್ನಾಗಿ ಗೊತ್ತಿರುವುದು ಆಸ್ಟ್ರಿಯಾದ ಹಾಲ್‌ಸ್ಟಾಟ್. ಮೂರು ಸಾವಿರ ವರ್ಷಗಳಿಗೂ ಹಿಂದೆ, ಕಂಚಿನ ಕಾಲದಲ್ಲೇ ಅಲ್ಲಿ ಜನ ಬೆಟ್ಟದೊಳಗೆ ಹೊಕ್ಕು ಉಪ್ಪು ಕಡಿಯುತ್ತಿದ್ದರು. ಕೈಯಲ್ಲಿದ್ದದ್ದು ಕಂಚಿನ ಮೊನೆ ಸಿಕ್ಕಿಸಿದ, ಮರದ ಹಿಡಿಯ ಪಿಕಾಸಿ. ಬೆಳಕಿಗೆ ಮರದ ಸೀಳು ಕಡ್ಡಿ. ಉಪ್ಪು ಅಷ್ಟೇನೂ ಗಟ್ಟಿ ಕಲ್ಲಲ್ಲ, ಹೆಚ್ಚುಕಡಿಮೆ ಉಗುರಿನಷ್ಟೇ ಗಟ್ಟಿ. ಹಾಗಾಗಿ ಕಂಚಿಗೂ ಮಣಿಯುತ್ತಿತ್ತು. ಗೋಡೆಯಲ್ಲಿ ಸಾಲಾಗಿ ಗೀರು ಕಡಿದು, ನಡುವಿನ ಉಪ್ಪನ್ನು ಒಡೆದು ಉದುರಿಸುತ್ತಿದ್ದರು. ಹೊರಲು ಹಸುವಿನ ಚರ್ಮದ ಚೀಲ. ಆ ಚೀಲದ ಅಂದ ನೋಡಬೇಕು. ಒಂದೇ ಹೆಗಲಿಗೆ ಒಂದು ಪಟ್ಟಿ, ಇನ್ನೊಂದು ಹೆಗಲ ಮೇಲೆ ಕೈಯಲ್ಲಿ ಹಿಡಿಯಲು ಒಂದು ಮರದ ಕೋಲು. ಕೋಲು ಬಿಟ್ಟರೆ ಸಾಕು, ಚೀಲ ವಾಲಿ ಉಪ್ಪೆಲ್ಲ ಸುರಿಯುತ್ತದೆ. ಹೆಗಲಿಂದ ಇಳಿಸಿ, ಬಗ್ಗಿ, ಮತ್ತೆ ಹೊರುವ ಕಷ್ಟವೇ ಇಲ್ಲ. ದಿನವಿಡೀ ಹೊರೆ ಹೊತ್ತವರೇ ಯೋಚಿಸಿ ಮಾಡಿದ ಚೀಲ ಅದು.

ಇದೆಲ್ಲ ಹೇಗೆ ಗೊತ್ತಾಯಿತು ಅಂದರೆ, ಉಪ್ಪು ಎಲ್ಲವನ್ನೂ ಕೆಡದಂತೆ ಉಳಿಸಿತು. ಚರ್ಮ, ಬಣ್ಣದ ಬಟ್ಟೆ, ಹಗ್ಗ, ಸುಟ್ಟು ಬಿಸಾಡಿದ ಸೀಳು ಕಡ್ಡಿ ಎಲ್ಲವೂ ಸಿಕ್ಕಿವೆ. 2003ರಲ್ಲಿ ಅಲ್ಲಿ ಒಂದು ಮರದ ಮೆಟ್ಟಿಲು ಸಿಕ್ಕಿತು. ಮರದ ವರ್ಷದ ಉಂಗುರ ಎಣಿಸಿ ನೋಡಿದಾಗ ಅದು ಮೂರು ಸಾವಿರ ವರ್ಷಗಳಿಗೂ ಹಳೆಯದು ಅಂತ ತಿಳಿಯಿತು. ಇರಾನಿನ ಚೆಹ್ರಾಬಾದ್ ಗಣಿಯಲ್ಲಿ 1993ರಿಂದ ಈಚೆಗೆ ಮನುಷ್ಯರ ದೇಹಗಳೇ ಸಿಕ್ಕವು. ಮೊದಲು ಸಿಕ್ಕ ತಲೆಗೆ ಉದ್ದ ಕೂದಲು, ಗಡ್ಡ ಹಾಗೇ ಇದ್ದವು, ಕಿವಿಯಲ್ಲಿ ಚಿನ್ನದ ಓಲೆ ಇತ್ತು. ಅಲ್ಲಿ ಸಿಕ್ಕವರಲ್ಲಿ ಗಣಿ ಕುಸಿದು ಸತ್ತವರೂ ಇದ್ದಾರೆ. ಹಳೆಯ ವಿಧಾನದ ಬಗ್ಗೆ ಹೇಳುವಾಗ ನಾನು ಅವರನ್ನು ಮರೆಯಲಾರೆ.

ಹಾಲ್‌ಸ್ಟಾಟ್‌ನ ಇನ್ನೊಂದು ಸಂಗತಿ. ಆ ಕಾಲದ ಸುರಂಗಗಳು ಈಗ ಟೊಳ್ಳಾಗಿ ಇಲ್ಲ. ಬೆಟ್ಟದ ಭಾರಕ್ಕೆ ಉಪ್ಪು ಮೆಲ್ಲಗೆ ಒಳಕ್ಕೆ ಸರಿದು, ಕೆಲಸಗಾರರು ಬಿಟ್ಟುಹೋದ ಕಸದ ರಾಶಿಯನ್ನು ಎಲ್ಲ ಕಡೆಯಿಂದ ಒತ್ತಿ ಕಲ್ಲು ಮಾಡಿಬಿಟ್ಟಿದೆ. ಇವತ್ತು ಅಗೆಯುವವರಿಗೆ ಸಿಗುವುದು ಉಪ್ಪು, ಜೇಡಿ, ಮರದ ಚೂರು ಎಲ್ಲ ಸೇರಿ ಗಟ್ಟಿಯಾದ ಒಂದು ಬಂಡೆ. ಮೇಲೆ ಹೇಳಿದ ಹರಿಯುವ ಗುಣ ಇದೇ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಆಸ್ಟ್ರಿಯಾದ ಈ ಬೆಟ್ಟಗಳಲ್ಲಿ ಉಪ್ಪು ಶುದ್ಧವಾಗಿಲ್ಲ, ಜೇಡಿ ಜೊತೆ ಕಲೆತಿದೆ. ಕಡಿದು ಹೊತ್ತು ತಂದರೆ ಅರ್ಧ ಮಣ್ಣನ್ನೇ ಹೊತ್ತ ಹಾಗೆ. ಹಾಗಾಗಿ ಮಧ್ಯಯುಗದಲ್ಲೇ ಅಲ್ಲಿನವರು ನೀವು ಹೇಳಿದ ಉಪಾಯ ಹೂಡಿದರು. ಬೆಟ್ಟದೊಳಗೆ ಒಂದು ಕೋಣೆ ಕೊರೆಯುವುದು, ಮೇಲಿಂದ ಸಿಹಿನೀರು ಬಿಟ್ಟು ಚಾವಣಿ ಮುಟ್ಟುವ ತನಕ ತುಂಬಿಸುವುದು. ಹೊಸ ನೀರು ಹಗುರ, ಮೇಲೆ ತೇಲುತ್ತದೆ. ಉಪ್ಪು ಕುಡಿದ ನೀರು ಭಾರ, ಕೆಳಗೆ ಇಳಿಯುತ್ತದೆ. ಅದಕ್ಕೇ ಜಾಸ್ತಿ ಕರಗುವುದು ಚಾವಣಿ. ಕರಗಿದಂತೆ ಅದರಲ್ಲಿದ್ದ ಜೇಡಿ ಉದುರಿ ತಳದಲ್ಲಿ ಕೂರುತ್ತದೆ. ಚಾವಣಿ ಮೇಲೇರುತ್ತದೆ, ತಳವೂ ಮೇಲೇರುತ್ತದೆ. ಅಂದರೆ ಇಡೀ ಕೋಣೆಯೇ ವರ್ಷಗಳು ಕಳೆದಂತೆ ಬೆಟ್ಟದೊಳಗೆ ಮೆಲ್ಲಗೆ ಮೇಲಕ್ಕೆ ಹತ್ತುತ್ತದೆ! ಉಪ್ಪು, ನೀರು ಎರಡೂ ಸೇರಿದ ಒಟ್ಟು ತೂಕದಲ್ಲಿ ಉಪ್ಪು ನೂರಕ್ಕೆ 26ರಷ್ಟು ಆದಾಗ ಅದರ ಹೊಟ್ಟೆ ತುಂಬಿತು ಅಂತ ಲೆಕ್ಕ. ಆಗ ಕೆಳಗಿನಿಂದ ಬಸಿದುಕೊಳ್ಳುತ್ತಿದ್ದರು. ನನ್ನ ಮಟ್ಟಿಗೆ ಇಡೀ ಉಪ್ಪಿನ ಗಣಿಗಾರಿಕೆಯಲ್ಲಿ ಇದಕ್ಕಿಂತ ಜಾಣ ಉಪಾಯ ಇನ್ನೊಂದಿಲ್ಲ. ಹೊರುವ ಕೆಲಸ ನೀರಿಗೆ, ಸೋಸುವ ಕೆಲಸವೂ ನೀರಿಗೆ.

ಆ ಉಪ್ಪುನೀರನ್ನು ಕುದಿಸಿ ಬತ್ತಿಸಲು ಸೌದೆ ರಾಶಿ ರಾಶಿ ಬೇಕು. ಹತ್ತಿರದ ಕಾಡು ಸಾಕಾಗದೆ, 1595ರಿಂದ 1607ರ ನಡುವೆ ಹಾಲ್‌ಸ್ಟಾಟ್‌ನಿಂದ ಎಬೆನ್‌ಸೇ ಊರಿಗೆ ಸುಮಾರು 40 ಕಿಲೋಮೀಟರ್ ಉದ್ದದ ಕೊಳವೆ ಹಾಕಿದರು. ಕಬ್ಬಿಣದ್ದಲ್ಲ, ಒಳಗೆ ತೂತು ಕೊರೆದ ಮರದ ದಿಮ್ಮಿಗಳನ್ನು ಒಂದಕ್ಕೊಂದು ಜೋಡಿಸಿದ್ದು. ಸೌದೆಯನ್ನು ಉಪ್ಪಿನ ಹತ್ತಿರ ತರುವುದಕ್ಕಿಂತ ಉಪ್ಪನ್ನು ಸೌದೆಯ ಹತ್ತಿರ ಕಳಿಸುವುದು ಸುಲಭ ಅಂತ ಲೆಕ್ಕ ಹಾಕಿದ್ದರು.

ಚೀನಾದ ಜಿಗೊಂಗ್‌ನಲ್ಲಿ ದಾರಿಯೇ ಬೇರೆ. ಅಲ್ಲಿ ನೆಲದಡಿ ಉಪ್ಪುನೀರು ಮೊದಲೇ ಇತ್ತು, ಮುಟ್ಟಬೇಕಿತ್ತು ಅಷ್ಟೇ. ಬಿದಿರಿನ ಹಗ್ಗಕ್ಕೆ ಭಾರದ ಕಬ್ಬಿಣದ ಮೊನೆ ಕಟ್ಟಿ, ಸನ್ನೆಯ ಹಲಗೆ ಮೇಲೆ ಜನ ಹತ್ತಿ ಇಳಿದು, ಮೊನೆಯನ್ನು ಎತ್ತಿ ಎತ್ತಿ ಕುಟ್ಟಿ ಬಾವಿ ಕೊರೆಯುತ್ತಿದ್ದರು. ಶೆನ್‌ಹಾಯ್ ಅನ್ನುವ ಬಾವಿ 1835ರಲ್ಲಿ 1001 ಮೀಟರ್ ಆಳ ಮುಟ್ಟಿತು. ಉಪ್ಪುನೀರು ಎತ್ತಲು ಕೆಳತುದಿಗೆ ಚರ್ಮದ ಬಾಗಿಲು ಹೊಲಿದ ಬಿದಿರ ಕೊಳವೆ. ಬಾವಿಯಿಂದಲೇ ಬರುವ ಅನಿಲವನ್ನು ಹೊತ್ತಿಸಿ ಉಪ್ಪುನೀರನ್ನು ಕುದಿಸುತ್ತಿದ್ದರು.

ಉಪ್ಪು ಶುದ್ಧವಾಗಿ, ದಪ್ಪ ಪದರವಾಗಿ ಸಿಕ್ಕ ಕಡೆ ಮಾತ್ರ ಕಡಿದು ತೆಗೆಯುವುದೇ ಲಾಭ. ಪೋಲೆಂಡಿನ ವಿಯೆಲಿಚ್ಕಾದಲ್ಲಿ 13ನೇ ಶತಮಾನದಿಂದ ಉಪ್ಪು ಕಡಿದು ತೆಗೆದರು. ಬೆಣೆ ಹೊಡೆದು ಗೋಡೆಯಿಂದ ದೊಡ್ಡ ತುಂಡು ಸೀಳಿ, ಅದನ್ನು ಉರುಳೆಯ ಆಕಾರಕ್ಕೆ ಕೆತ್ತುತ್ತಿದ್ದರು. ಯಾಕೆ ಅಂದರೆ ಉರುಳಿಸಿಕೊಂಡು ಹೋಗಬಹುದು. ಮೇಲೆ ಎತ್ತಲು ಕುದುರೆಗಳು ಸುತ್ತುವ ದೊಡ್ಡ ಮರದ ರಾಟೆ. ಆ ಕುದುರೆಗಳು ನೆಲದಡಿಯ ಲಾಯದಲ್ಲೇ ಬಾಳುತ್ತಿದ್ದವು. ಕೊನೆಯ ಕುದುರೆ ಅಲ್ಲಿಂದ ಮೇಲೆ ಬಂದದ್ದು 2002ರಲ್ಲಿ.

ಅಲ್ಲಿ ಇನ್ನೊಂದು ಭಯಾನಕ ಕೆಲಸ ಇತ್ತು. ಉಪ್ಪಿನ ಪದರದಲ್ಲಿ ಸಿಕ್ಕಿಕೊಂಡಿದ್ದ ಮೀಥೇನ್ ಅನಿಲ ಹೊರಬಂದು ಚಾವಣಿಯ ಹತ್ತಿರ ಸೇರುತ್ತದೆ. ಅದು ಜಾಸ್ತಿಯಾಗುವ ಮೊದಲೇ ಸುಡಬೇಕು. ಒದ್ದೆ ಬಟ್ಟೆ ಸುತ್ತಿಕೊಂಡ ಕೆಲಸಗಾರರು ನೆಲಕ್ಕೆ ಅಂಟಿಕೊಂಡು ತೆವಳುತ್ತ, ಉದ್ದ ಕೋಲಿನ ತುದಿಯಲ್ಲಿ ಪಂಜು ಹಿಡಿದು ಚಾವಣಿಗೆ ಬೆಂಕಿ ತೋರಿಸುತ್ತಿದ್ದರು. ಸ್ವಲ್ಪ ಲೆಕ್ಕ ತಪ್ಪಿದರೂ ಜೀವ ಹೋಗುತ್ತಿತ್ತು. ಆ ಗಣಿಯಲ್ಲಿ ಪ್ರವಾಸಿಗರು ನೋಡಿ ಬರುವುದು 101 ಮೀಟರ್ ಆಳದಲ್ಲಿರುವ, ಪೂರ್ತಿ ಉಪ್ಪಿನಲ್ಲೇ ಕೆತ್ತಿದ ಪ್ರಾರ್ಥನಾ ಮಂದಿರವನ್ನು. ಅಷ್ಟು ದೇವರ ಮೊರೆ ಯಾಕೆ ಹೋದರು ಅಂತ ತಿಳಿಯಲು ಈ ಪಂಜಿನ ಕೆಲಸ ನೆನೆದರೆ ಸಾಕು.

ಆಧುನಿಕ ಒಣ ಗಣಿಗಾರಿಕೆಯ ಜೀವಾಳ ಕಂಬ. ಕೋಣೆ ಕಡಿ, ಕಂಬ ಬಿಡು. ಮತ್ತೆ ಕೋಣೆ ಕಡಿ, ಕಂಬ ಬಿಡು. ಪಾಕಿಸ್ತಾನದ ಖೇವ್ರಾ ಗಣಿಯಲ್ಲಿ 1872ರಲ್ಲಿ ಡಾ. ವಾರ್ತ್ ಎಂಬ ಎಂಜಿನಿಯರ್ ನೆಲಮಟ್ಟದಿಂದ ಮುಖ್ಯ ಸುರಂಗ ಕೊರೆಸಿದರು. ಅಲ್ಲಿನ ಪದ್ಧತಿಯಲ್ಲಿ ಅರ್ಧ ಉಪ್ಪು ತೆಗೆದು ಅರ್ಧ ಬಿಡುತ್ತಾರೆ. ಅರ್ಧದಷ್ಟು ಸರಕು ಕಣ್ಣೆದುರೇ ಇದ್ದರೂ ಮುಟ್ಟಬಾರದು. ಹೊಸಬರಿಗೆ ಇದು ಸುಮ್ನೆ ನಷ್ಟ ಅನ್ನಿಸುತ್ತದೆ. ಆದರೆ ಆ ಬಿಟ್ಟ ಉಪ್ಪೇ ಮೇಲಿನ ಬೆಟ್ಟವನ್ನು ಹೊತ್ತಿರುವುದು. ಆಳ ಜಾಸ್ತಿಯಾದಷ್ಟೂ ಕಂಬ ದಪ್ಪ ಇರಬೇಕು.

ಕೆನಡಾದ ಗಾಡರಿಚ್ ಗಣಿ ಜಗತ್ತಿನ ನೆಲದಡಿಯ ಉಪ್ಪಿನ ಗಣಿಗಳಲ್ಲೇ ಅತಿ ದೊಡ್ಡದು. 1866ರಲ್ಲಿ ಕಲ್ಲೆಣ್ಣೆ ಹುಡುಕಲು ಬಾವಿ ಕೊರೆದಾಗ ಅಲ್ಲಿ ಸಿಕ್ಕಿದ್ದು ಉಪ್ಪು. ಈಗಿನ ಗಣಿ ಶುರುವಾದದ್ದು 1959ರಲ್ಲಿ. ಸುಮಾರು 550 ಮೀಟರ್ ಆಳದಲ್ಲಿ, ಹ್ಯೂರಾನ್ ಸರೋವರದ ಅಡಿಯಲ್ಲಿ ಅದು ಹರಡಿದೆ. ತಲೆಯ ಮೇಲೆ ಒಂದು ಸರೋವರ, ಕಾಲ ಕೆಳಗೆ ಒಣ ಉಪ್ಪು. ನಡುವೆ ನೀರು ತೂರದ ಕಲ್ಲಿನ ಪದರಗಳು ಇರುವುದರಿಂದ ಇದು ಸಾಧ್ಯ.

ಸಿಡಿಮದ್ದು ಬಳಸುವ ಗಣಿಗಳಲ್ಲಿ ಕೆಲಸ ನಡೆಯುವ ಬಗೆ ಹೀಗೆ. ಮೊದಲು ಮರ ಕೊಯ್ಯುವ ಗರಗಸದಂಥ ದೊಡ್ಡ ಯಂತ್ರ ಬಂದು ಗೋಡೆಯ ಬುಡದಲ್ಲಿ, ನೆಲಕ್ಕೆ ಸಮನಾಗಿ, ಕೆಲವು ಮೀಟರ್ ಒಳಕ್ಕೆ ಒಂದು ಸೀಳು ಹಾಕುತ್ತದೆ. ಸಿಡಿದ ಉಪ್ಪು ಬೀಳಲು ಜಾಗ ಬೇಕಲ್ಲ, ಅದಕ್ಕೆ. ಸೀಳು ಇದ್ದರೆ ಮದ್ದು ಕಡಿಮೆ ಸಾಕು, ಪುಡಿ ಕಡಿಮೆ, ನೆಲವೂ ಮಟ್ಟಸ. ಆಮೇಲೆ ಗೋಡೆ ತುಂಬ ತೂತು ಕೊರೆದು, ಅಮೋನಿಯಂ ನೈಟ್ರೇಟ್ ಹರಳಿಗೆ ಡೀಸೆಲ್ ಬೆರೆಸಿದ ಮದ್ದು ತುಂಬುತ್ತಾರೆ. ಇದು ನೀರು ತಾಗಿದರೆ ಕೆಡುವ ಮದ್ದು. ಒಣ ಉಪ್ಪಿನ ಗಣಿಗೆ ಹೇಳಿ ಮಾಡಿಸಿದ ಹಾಗಿದೆ. ಜನರೆಲ್ಲ ದೂರ ಹೋದ ಮೇಲೆ ಸಿಡಿಸುತ್ತಾರೆ. ಹೊಗೆ ಹೋಗುವ ತನಕ ಗಾಳಿ ಬಿಡುತ್ತಾರೆ.

ಇದರ ನಂತರದ ಕೆಲಸ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ನಾನು ಮೊದಲ ಸಲ ಉಪ್ಪಿನ ಗಣಿಗೆ ಇಳಿದಾಗ ಹತ್ತು ನಿಮಿಷದಲ್ಲಿ ತುಟಿ ಉಪ್ಪುಪ್ಪಾಗಿತ್ತು. ದೀಪದ ಬೆಳಕಿಗೆ ಗೋಡೆಯೆಲ್ಲ ಮಿನುಗುತ್ತಿತ್ತು, ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಜೊತೆಗಿದ್ದ ಹಿರಿಯ ಕೆಲಸಗಾರರು ಮಾತ್ರ ಮಿನುಗು ನೋಡುತ್ತಿರಲಿಲ್ಲ. ಉದ್ದದ ಹಾರೆ ಎತ್ತಿ ಚಾವಣಿಗೆ ತಟ್ಟಿದರು. ಟಣ್ ಅಂತು. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ತಟ್ಟಿದರು. ಮತ್ತೆ ಟಣ್. ಮೂರನೆಯ ಕಡೆ ದೊಬ್ ಅಂತು, ಖಾಲಿ ಡಬ್ಬ ತಟ್ಟಿದ ಹಾಗೆ. ತಕ್ಷಣ ಕೈ ಅಡ್ಡ ಹಿಡಿದು ನನ್ನನ್ನು ಹಿಂದಕ್ಕೆ ಸರಿಸಿದರು. ಪಕ್ಕಕ್ಕೆ ನಿಂತು ಹಾರೆಯಿಂದ ಮೀಟಿದಾಗ ಬಾಗಿಲಿನಷ್ಟು ಅಗಲದ ಒಂದು ಹಲ್ಲೆ ಉಪ್ಪು ಕೆಳಗೆ ಬಿತ್ತು. ಈಗ ಸಡಿಲ ಉಪ್ಪು ಕೆಡವಲು ಯಂತ್ರಗಳು ಬಂದಿವೆ, ಚಾವಣಿಗೆ ಉದ್ದದ ಬೋಲ್ಟ್ ಹೊಡೆದು ಪದರಗಳನ್ನು ಬಿಗಿಯುತ್ತಾರೆ. ಆದರೂ ಹಾರೆ ಹಿಡಿದು ಕಿವಿಗೊಡುವುದನ್ನು ಯಾರೂ ಬಿಟ್ಟಿಲ್ಲ. ಬಿಡಲೂ ಬಾರದು.

ಉಳಿದದ್ದು ಸಾಗಿಸುವ ಕೆಲಸ. ಲೋಡರ್ ಬಂದು ಬಾಚುತ್ತದೆ, ಯಂತ್ರ ಪುಡಿ ಮಾಡುತ್ತದೆ, ಬೆಲ್ಟಿನ ಮೇಲೆ ಉಪ್ಪು ಶಾಫ್ಟ್ (ನೆಲದಿಂದ ನೇರ ಕೆಳಕ್ಕೆ ಇಳಿಯುವ ಬಾವಿಯಂಥ ದಾರಿ) ತನಕ ಬಂದು ದೊಡ್ಡ ತೊಟ್ಟಿಯಲ್ಲಿ ಮೇಲೇರುತ್ತದೆ. ಕೆಲವು ಗಣಿಗಳಲ್ಲಿ ಮದ್ದೇ ಇಲ್ಲ, ಹಲ್ಲುಗಳಿರುವ ಉರುಳೆ ತಿರುಗುತ್ತ ಗೋಡೆಯನ್ನು ಕೆರೆದು ತೆಗೆಯುತ್ತದೆ. ಈ ಯಂತ್ರಗಳು ಇಡಿಯಾಗಿ ಶಾಫ್ಟಿನಲ್ಲಿ ಹಿಡಿಸುವುದಿಲ್ಲ. ಬಿಡಿ ಭಾಗಗಳಾಗಿ ಇಳಿಸಿ ಕೆಳಗೇ ಜೋಡಿಸುತ್ತಾರೆ. ಎಷ್ಟೋ ಯಂತ್ರಗಳು ಕೆಟ್ಟ ಮೇಲೂ ಮೇಲೆ ಬರುವುದಿಲ್ಲ, ಹಳೆಯ ಕೋಣೆಯೊಂದರಲ್ಲಿ ಹಾಗೇ ನಿಂತಿರುತ್ತವೆ.

ಇನ್ನು ಆಧುನಿಕ ಕರಗಿಸುವ ವಿಧಾನ. ಇಲ್ಲಿ ಯಾರೂ ಕೆಳಗೆ ಇಳಿಯುವುದಿಲ್ಲ. ಉಪ್ಪಿನ ತನಕ ಕೊಳವೆಬಾವಿ ಕೊರೆದು, ಉಕ್ಕಿನ ಕೊಳವೆ ಇಳಿಸಿ, ಸುತ್ತ ಸಿಮೆಂಟ್ ತುಂಬಿ ಬಿಗಿಮಾಡುತ್ತಾರೆ. ಅದರೊಳಗೆ ಒಂದರಲ್ಲಿ ಒಂದು ಹೊಕ್ಕ ಎರಡು ಕೊಳವೆ. ಒಂದರಲ್ಲಿ ಸಿಹಿನೀರು ಇಳಿಯುತ್ತದೆ, ಇನ್ನೊಂದರಲ್ಲಿ ಉಪ್ಪುನೀರು ಏರುತ್ತದೆ. ಕೇಳಲು ಸರಳ. ಆದರೆ ಆಗಲೇ ನೋಡಿದೆವಲ್ಲ, ಹಸಿದ ನೀರು ಮೇಲೆ ತೇಲುತ್ತದೆ, ಚಾವಣಿಯನ್ನೇ ಮೊದಲು ತಿನ್ನುತ್ತದೆ. ಸುಮ್ನೆ ಬಿಟ್ಟರೆ ಉಪ್ಪೆಲ್ಲ ಮುಗಿದು ಮೇಲಿನ ಕಲ್ಲಿಗೇ ಬಾಯಿ ಹಾಕುತ್ತದೆ. ಅದಕ್ಕೆ ಚಾವಣಿಯ ಅಡಿಗೆ ಎಣ್ಣೆ ಅಥವಾ ನೈಟ್ರೋಜನ್ ಅನಿಲದ ಒಂದು ಹೊದಿಕೆ ತುಂಬುತ್ತಾರೆ. ಅದು ನೀರಿಗಿಂತ ಹಗುರ, ಮೇಲೇ ನಿಲ್ಲುತ್ತದೆ, ನೀರನ್ನು ಚಾವಣಿಗೆ ತಾಗಲು ಬಿಡುವುದಿಲ್ಲ. ಆಗ ನೀರು ಅಡ್ಡಡ್ಡವಾಗಿ ತಿನ್ನುತ್ತದೆ. ಬೇಕಾದಷ್ಟು ಅಗಲ ಆದ ಮೇಲೆ ಹೊದಿಕೆಯನ್ನು ಸ್ವಲ್ಪ ಮೇಲೆ ಸರಿಸುತ್ತಾರೆ. ಒಳಗಿನ ಗುಹೆಯ ಆಕಾರವನ್ನು ಶಬ್ದದ ಅಲೆ ಕಳಿಸಿ ಅಳೆಯುತ್ತಾರೆ. ಮಣ್ಣು ತಳದಲ್ಲೇ ಉಳಿಯುತ್ತದೆ. ಒಂದು ಘನ ಮೀಟರ್ ಉಪ್ಪು ಕರಗಿಸಲು ಆರು ಘನ ಮೀಟರಿಗಿಂತ ಜಾಸ್ತಿ ನೀರು ಬೇಕು. ಹಾಗಾಗಿ ನೀರಿಲ್ಲದ ಕಡೆ ಈ ವಿಧಾನ ನಡೆಯುವುದಿಲ್ಲ.

ಹಾಗಾದರೆ ಎಲ್ಲ ಕಡೆ ಇದನ್ನೇ ಮಾಡಬಾರದಾ? ಮೇಲೆ ಬರುವುದು ಉಪ್ಪಲ್ಲ, ಉಪ್ಪುನೀರು. ಕ್ಲೋರಿನ್, ಕಾಸ್ಟಿಕ್ ಸೋಡಾ ಮಾಡುವ ಕಾರ್ಖಾನೆಗೆ ಹೇಗೂ ಉಪ್ಪುನೀರೇ ಬೇಕು, ಅವರಿಗೆ ಇದು ಸುಲಭ. ಆದರೆ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿಗೆ ಹರಳು ಬೇಕು, ಶುದ್ಧತೆ ಅಷ್ಟು ಮುಖ್ಯ ಅಲ್ಲ. ಅದಕ್ಕಾಗಿ ಉಪ್ಪನ್ನು ನೀರು ಮಾಡಿ ಮತ್ತೆ ಕುದಿಸಿ ಒಣಗಿಸಿದರೆ ಇಂಧನದ ಖರ್ಚಿಗೆ ಕೊನೆಯಿಲ್ಲ. ಅಲ್ಲಿ ಕಡಿದು ತೆಗೆಯುವುದೇ ಸರಿ. ಜನ ಇನ್ನೂ ಒಳಗೆ ಇಳಿಯುವುದು ಇದಕ್ಕೇ.

ನೀರಿನ ಮೇಲೆ ಹಿಡಿತ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕು. ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ ಹಳೆಯ ಗಣಿಗಳ ಕಂಬಗಳು ತೆಳ್ಳಗಿದ್ದವು. ಪಾಳು ಬಿದ್ದ ಗಣಿಗಳಿಗೆ ನೀರು ನುಗ್ಗಿತು. ಅದು ಹೊಟ್ಟೆ ತುಂಬಿದ ನೀರಾಗಿ ಅಲ್ಲೇ ನಿಂತಿದ್ದರೆ ಕಂಬ ಉಳಿಯುತ್ತಿದ್ದವೋ ಏನೋ. ಆದರೆ ಉಪ್ಪುನೀರು ಸುಲಭಕ್ಕೆ ಸಿಕ್ಕಿತು ಅಂತ ಪಂಪ್ ಹಾಕಿ ಎತ್ತಿದರು. ಖಾಲಿಯಾದ ಜಾಗಕ್ಕೆ ಹೊಸ ಸಿಹಿನೀರು ಬಂತು, ಕಂಬ ತಿಂದಿತು. ಬೀದಿಗಳು ಕುಸಿದವು, ಮನೆಗಳು ವಾಲಿದವು. ಕೊನೆಗೆ ಅಲ್ಲಿನ ಜನ ಮರದ ಚೌಕಟ್ಟಿನ ಮನೆ ಕಟ್ಟಲು ಶುರುಮಾಡಿದರು, ನೆಲ ಕುಸಿದರೆ ಜಾಕ್ ಕೊಟ್ಟು ಇಡೀ ಕಟ್ಟಡ ಎತ್ತಬಹುದು ಅಂತ. 1891ರಲ್ಲಿ ಪರಿಹಾರಕ್ಕಾಗಿಯೇ ಒಂದು ಕಾಯಿದೆ ಬಂತು.

ಅಮೆರಿಕದ ಲೂಸಿಯಾನಾದ ಪೆನ್ಯೂರ್ ಸರೋವರದಲ್ಲಿ 1980ರ ನವೆಂಬರ್ 20ರಂದು ಎಣ್ಣೆ ಹುಡುಕುತ್ತಿದ್ದ ಕೊರೆಯುವ ಯಂತ್ರ ಕೆಳಗಿದ್ದ ಉಪ್ಪಿನ ಗಣಿಗೆ ತೂತು ಹಾಕಿತು. ತೂತು ಒಂದು ಮೊಳಕ್ಕಿಂತ ಚಿಕ್ಕದು. ಬೇರೆ ಗಣಿಯಾಗಿದ್ದರೆ ತೂತು ಅಷ್ಟೇ ಇರುತ್ತಿತ್ತು. ಇಲ್ಲಿ ಇಳಿದ ಸಿಹಿನೀರು ತೂತಿನ ಅಂಚನ್ನೇ ಕರಗಿಸುತ್ತ ಅಗಲ ಮಾಡಿತು. ಕೆಲವೇ ಗಂಟೆಗಳಲ್ಲಿ ಇಡೀ ಸರೋವರ ಸುಳಿಯಾಗಿ ಕೆಳಗಿಳಿಯಿತು. ಸಮುದ್ರಕ್ಕೆ ಹರಿಯುತ್ತಿದ್ದ ಕಾಲುವೆ ತಿರುಗಿ ಸರೋವರಕ್ಕೆ ಹರಿಯಿತು. ಗಣಿಯಲ್ಲಿದ್ದ ಸುಮಾರು 50 ಜನ ಎಲ್ಲರೂ ಜೀವ ಉಳಿಸಿಕೊಂಡು ಮೇಲೆ ಬಂದರು. ಎಚ್ಚರಿಕೆ ಕೊಟ್ಟ ಕೂಡಲೇ ಕೆಲಸ ಬಿಟ್ಟು ಓಡಿದ್ದರಿಂದ ಉಳಿದರು. ನ್ಯೂಯಾರ್ಕ್ ರಾಜ್ಯದ ರೆಟ್ಸಾಫ್ ಗಣಿ 1994ರಲ್ಲಿ ಕುಸಿದು ನೀರು ತುಂಬಿದ್ದು ಕೂಡ, ಹಿಂದಿಗಿಂತ ಚಿಕ್ಕ ಕಂಬ ಬಿಟ್ಟಿದ್ದ ಭಾಗದಲ್ಲೇ. ಕಂಬದಲ್ಲಿ ಉಳಿತಾಯ ಮಾಡಬಾರದು ಅಂತ ನಾನು ಪದೇ ಪದೇ ಹೇಳುವುದು ಇದಕ್ಕೆ.

ಖಾಲಿಯಾದ ಜಾಗಕ್ಕೂ ಬೆಲೆ ಇದೆ. ಉಪ್ಪಿನ ಗುಹೆಯಲ್ಲಿ ಬಿರುಕು ಬಿಟ್ಟರೂ ಉಪ್ಪು ಮೆಲ್ಲಗೆ ಹರಿದು ತಾನೇ ಮುಚ್ಚಿಕೊಳ್ಳುತ್ತದೆ, ಅದಕ್ಕೇ ಅನಿಲ, ಕಚ್ಚಾ ತೈಲ ತುಂಬಿಡಲು ಒಳ್ಳೆಯ ಜಾಗ. ಜರ್ಮನಿಯ ಹುಂಟಾರ್ಫ್‌ನಲ್ಲಿ 1978ರಿಂದ ಉಪ್ಪಿನ ಗುಹೆಯಲ್ಲಿ ಗಾಳಿಯನ್ನು ಒತ್ತಿ ತುಂಬಿಟ್ಟು, ಬೇಕಾದಾಗ ಬಿಟ್ಟು ವಿದ್ಯುತ್ ಮಾಡುತ್ತಾರೆ. ವಿಯೆಲಿಚ್ಕಾದಲ್ಲಿ 1996ಕ್ಕೆ ಉಪ್ಪು ಕಡಿಯುವುದು ನಿಂತಿತು. ಆದರೆ ಅಲ್ಲಿ ಒಸರುವ ನೀರನ್ನು ನಿಲ್ಲಿಸಲು ಆಗುವುದಿಲ್ಲ, ಅದನ್ನು ಹಿಡಿದು ಮೇಲೆ ತಂದು ಬತ್ತಿಸಿ ಉಪ್ಪು ಮಾಡುತ್ತಾರೆ.

ಕೊನೆಯದಾಗಿ, ಉಪ್ಪನ್ನು ನೋಡಿ ಹೇಳಬಹುದಾ ಅಂತ ಕೇಳಿದ್ದೀರಿ. ಸುಮಾರಾಗಿ ಹೇಳಬಹುದು. ಒಂದು ಭೂತಗನ್ನಡಿ ಹಿಡಿದು ನೋಡಿ. ಉಪ್ಪುನೀರನ್ನು ಕಾರ್ಖಾನೆಯಲ್ಲಿ ಬತ್ತಿಸಿ ಮಾಡಿದ್ದಾದರೆ ಕಾಳೆಲ್ಲ ಪುಟ್ಟ ಪುಟ್ಟ ಚೌಕ, ಎಲ್ಲವೂ ಒಂದೇ ಅಳತೆ. ಗಣಿಯಲ್ಲಿ ಒಡೆದು ಪುಡಿ ಮಾಡಿದ್ದಾದರೆ ಚೂರುಗಳು ಒಂದೊಂದು ಒಂದೊಂದು ಅಳತೆ, ಅಂಚು ಒಡೆದ ಗಾಜಿನ ಹಾಗೆ, ಕೆಲವಕ್ಕೆ ಕಬ್ಬಿಣದ ಅಂಶದಿಂದ ಬಂದ ಕೆಂಪು ಛಾಯೆ. ಕೆಲವು ಚೂರುಗಳ ಒಳಗೆ ಸಣ್ಣ ಚುಕ್ಕೆಯಂಥ ಗುಳ್ಳೆ ಕಾಣಬಹುದು. ಕೋಟ್ಯಂತರ ವರ್ಷಗಳ ಹಿಂದೆ ಬತ್ತಿದ ಸಮುದ್ರದ ನೀರಿನ ಹನಿ ಹೀಗೆ ಗುಳ್ಳೆಯೊಳಗೆ ಸಿಕ್ಕಿ ಉಳಿದಿರುವುದು ಉಂಟು.